ಲವಾನ್ ತಂದ ತೀರ್ಪು

ಮಾರ್ಚ್ 4, ಸೋಮವಾರ

ಮೆಟ್ಟಿಲ ಮೇಲಿನ ಹಿಮ ಮತ್ತೆ ಕೆರೆದು ಹಾಕಿದ್ದಾಯಿತು. ಬೆನ್ನು ನೋವು. ಕಾಫಿ. ಅಷ್ಟರಲ್ಲಿ ವರ್ಲಿನ್ ಬಂದ — ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು. ಮದುವೆ ಲೈಸೆನ್ಸಿಗೆಂದು ಇಬ್ಬರೂ ಕೌಂಟಿ ಆಫೀಸಿಗೆ ಹೋಗಿ ಬಂದೆವು. ಬರಿಗೈಯಲ್ಲಿ.

ವರ್ಲಿನ್ ವಿಧುರ, ಅವನಿಂದ ತೊಂದರೆಯಿಲ್ಲ. ನನ್ನದೇ ತಕರಾರು. ಮೊದಲ ಗಂಡನಿಂದ ವಿಚ್ಛೇದನವಾದ ತೀರ್ಪಿನ ಪ್ರತಿ ಬೇಕಂತೆ, ಕೋರ್ಟಿನ ಮುದ್ರೆ ಬಿದ್ದಿರುವಂಥದ್ದು. ನಾರ್ತ್ ಡಕೋಟದಲ್ಲಿ ಇದೇ ನಿಯಮ ಎಂದು ಕೌಂಟರಿನಲ್ಲಿದ್ದ ಹೆಂಗಸು ಮೆತ್ತಗೆ ಹೇಳಿದಳು. ನನ್ನ ಪ್ರತಿ ಪ್ರವಾಹ ಬಂದ ವರ್ಷವೇ ಹೋಯಿತು. ನೆಲಮಾಳಿಗೆಯಲ್ಲಿದ್ದ ಪೆಟ್ಟಿಗೆಗಳೆಲ್ಲ ಕೆಸರಾಗಿದ್ದವು. ಆಗ ದುಃಖವಾಗಿದ್ದು ಅಮ್ಮನ ಹೊಲಿಗೆ ಯಂತ್ರಕ್ಕೆ. ಈ ಕಾಗದ ನೆನಪಿಗೂ ಬಂದಿರಲಿಲ್ಲ.

ವರ್ಲಿನ್‌ನ ಹೃದಯದ ಆಪರೇಷನ್ ಇಪ್ಪತ್ತಕ್ಕೆ, ಫಾರ್ಗೋದಲ್ಲಿ. ಅದಕ್ಕೂ ಮೊದಲು ಮದುವೆಯಾಗಬೇಕು ಎಂದು ಅವನ ಹಟ. ಆಸ್ಪತ್ರೆಯಲ್ಲಿ ಸಹಿ ಯಾರು ಹಾಕಿದರೂ ನಡೆಯುತ್ತದೆ, ಅದಕ್ಕೆ ಬೇರೆ ವ್ಯವಸ್ಥೆ ಇದೆ ಎಂದೆ. ಕಾರು ನಿಲ್ಲಿಸಿ ನನ್ನ ಕಡೆ ತಿರುಗಿದ.

“ಸಹಿಗಲ್ಲ ಕಣೇ. ಒಳಗೆ ಹೋಗುವಾಗ, ಹೊರಗೆ ನನ್ನ ಹೆಂಡ್ತಿ ಕೂತಿದಾಳೆ ಅಂತ ಅಂದ್ಕೋಬೇಕು. ಅಷ್ಟೇ.”

ಇಪ್ಪತ್ತೆರಡು ವರ್ಷ ಅವನು ಶಾಲೆಯ ಬಸ್ಸು ಓಡಿಸಿದ, ನಾನು ಅದೇ ಶಾಲೆಯಲ್ಲಿ ಅಡುಗೆ ಮಾಡಿದೆ. ಇಷ್ಟು ಉದ್ದದ ಮಾತು ಅವನ ಬಾಯಿಂದ ಕೇಳಿದ್ದು ಇದೇ ಮೊದಲು.

ಮಾರ್ಚ್ 5, ಮಂಗಳವಾರ

ಬೆಳಗಿಡೀ ಫೋನು.

ನನ್ನ ಮೊದಲ ಗಂಡ ಡುವೇನ್ ಮೊಂಟಾನಾದ ಕಲ್ಲಿದ್ದಲು ಗಣಿಗೆಂದು ಹೋದವನು ತಿರುಗಿ ಬರಲಿಲ್ಲ. ಅಲ್ಲಿ ಅವನಿಗೆ ಲವಾನ್ ಸಿಕ್ಕಳು. ಅಲ್ಲಿಂದಲೇ ವಿಚ್ಛೇದನಕ್ಕೆ ಹಾಕಿದ. ಅಂಚೆಯಲ್ಲಿ ಬಂದ ಕಾಗದಕ್ಕೆ ಸಹಿ ಮಾಡಿ ಕಳಿಸಿದೆ. ಯಾವ ಕೌಂಟಿ ಎಂದು ನೋಡಲೂ ಇಲ್ಲ. ನೋಡುವ ಸ್ಥಿತಿಯಲ್ಲಿರಲಿಲ್ಲ. ನಲವತ್ತು ವರ್ಷವಾಯಿತು.

ಮೊದಲು ಮೊಂಟಾನಾದ ರಾಜ್ಯ ಕಚೇರಿಗೆ ಮಾಡಿದೆ. ಅವರ ಬಳಿ ತೀರ್ಪಿನ ಪ್ರತಿ ಇರುವುದಿಲ್ಲವಂತೆ. ಕೇಸು ನಡೆದ ಕೌಂಟಿಯ ಕೋರ್ಟಿನಿಂದಲೇ ಪಡೆಯಬೇಕು. ಯಾವ ಕೌಂಟಿ ಎಂದು ಅವರೇ ಹುಡುಕಿ ಹೇಳಬೇಕಾದರೆ ವಾರಗಟ್ಟಲೆ ಕಾಯಬೇಕು. ನಮಗೆ ಅಷ್ಟು ದಿನ ಎಲ್ಲಿದೆ... ಡುವೇನ್ ಆಗ ಇದ್ದದ್ದು ಹಾಲ್ವರ್ ಕೌಂಟಿ ಎಂದು ನೆನಪು. ಅಲ್ಲಿಗೇ ಮಾಡಿದೆ. ಇಬ್ಬರ ಹೆಸರು, ಮದುವೆಯ ದಿನ, ಸುಮಾರು ಯಾವ ವರ್ಷ, ನನ್ನ ಗುರುತಿನ ಚೀಟಿಯ ಪ್ರತಿ — ಕೇಳಿದ್ದನ್ನೆಲ್ಲ ಲೈಬ್ರರಿಯಿಂದ ಫ್ಯಾಕ್ಸ್ ಮಾಡಿದೆ. ಲೈಬ್ರರಿಯವಳು ಹಣ ತೆಗೆದುಕೊಳ್ಳಲಿಲ್ಲ. ಮದುವೆ ಉಡುಗೊರೆ ಅಂದುಕೊಳ್ಳಿ ಎಂದಳು. ಊರಿಗೆಲ್ಲ ಗೊತ್ತಾಗಿದೆ ಹಾಗಾದರೆ.

ಮಾರ್ಚ್ 7, ಗುರುವಾರ

ಹಾಲ್ವರ್ ಕೌಂಟಿಯಿಂದ ಫೋನ್. ಅಂಥ ಕೇಸೇ ಇಲ್ಲ. ಹಿಂದುಮುಂದಿನ ವರ್ಷಗಳನ್ನೂ ನೋಡಿದರಂತೆ.

ವರ್ಲಿನ್ ಸೂಪು ಕುಡಿಯುತ್ತಿದ್ದ. “ಹಾಗಾದ್ರೆ ಇಷ್ಟು ವರ್ಷ ನಾನು ಇನ್ನೊಬ್ಬನ ಹೆಂಡ್ತಿ ಅಡುಗೆಮನೇಲಿ ಕೂತು ಉಂಡಿದೀನಿ ಅನ್ನು,” ಎಂದ. ಇಬ್ಬರೂ ನಕ್ಕೆವು. ಅವನು ಹೋದ ಮೇಲೆ ನಗು ನಿಂತಿತು.

ತೀರ್ಪು ಕೈಗೆ ಬಂದಿತ್ತೇ? ಒಂದು ಲಕೋಟೆ ಬಂದದ್ದು ನೆನಪಿದೆ, ಪೆಟ್ಟಿಗೆಗೆ ಹಾಕಿದ್ದು ನೆನಪಿದೆ. ಒಳಗೆ ಏನಿತ್ತೆಂದು ಪ್ರಮಾಣ ಮಾಡಿ ಹೇಳಲಾರೆ. ಒಂದು ವೇಳೆ ಕೇಸು ಅರ್ಧಕ್ಕೇ ನಿಂತಿದ್ದರೆ? ಆಗ ಡುವೇನ್ ಸಾಯುವವರೆಗೂ ನನ್ನ ಗಂಡ. ನನಗೇನು, ಅವನು ಸತ್ತು ಆರು ವರ್ಷವಾಯಿತು, ನಾನು ಹೇಗೂ ಸ್ವತಂತ್ರಳು. ಆದರೆ ಲವಾನ್? ಅವಳ ಮದುವೆ ಮದುವೆಯೇ ಅಲ್ಲ ಎಂದಾಗುತ್ತದೆ. ಗಣಿ ಕಂಪನಿ ಕೊಡುವ ವಿಧವೆಯ ಪಿಂಚಣಿಗೂ ಕುತ್ತು.

ಸರಿಯಾದ ಕೌಂಟಿ ಗೊತ್ತಿರಬಹುದಾದವಳು ಅವಳೊಬ್ಬಳೇ.

ಮಾರ್ಚ್ 10, ಭಾನುವಾರ

ಎರಡು ದಿನ ಏನೂ ಬರೆಯಲಿಲ್ಲ. ಇವತ್ತು ಚರ್ಚಿನಿಂದ ಬಂದವಳು ಕೋಟು ಕೂಡ ಬಿಚ್ಚದೆ ಫೋನ್ ಮಾಡಿದೆ. ನಂಬರು ಡುವೇನ್‌ನ ತಂಗಿಯಿಂದ ಸಿಕ್ಕಿತ್ತು.

ಹೆಸರು ಹೇಳಿದೆ.

“ಆರ್ಡಿಸ್ ಅಂದ್ರೆ... ಆ ಆರ್ಡಿಸ್ಸಾ?”

ಹೌದು ಎಂದೆ. “ಒಲೆ ಮೇಲೆ ಹಾಲಿಟ್ಟಿದೀನಿ, ಆರಿಸಿ ಬರ್ತೀನಿ, ಇಟ್ಬಿಡಬೇಡಿ,” ಎಂದಳು. ಬರುವುದಿಲ್ಲ ಎಂದುಕೊಂಡೆ. ಬಂದಳು.

ಎಲ್ಲ ಹೇಳಿದೆ. ವರ್ಲಿನ್, ಆಪರೇಷನ್, ಸಿಗದ ತೀರ್ಪು. ಇನ್ನೊಂದು ಮಾತು ಹೇಳದೆ ಮುಗಿಸಬಹುದಿತ್ತು. ಹೇಳಿಬಿಟ್ಟೆ — ಹುಡುಕಿ ಸಿಗದೆ ಹೋದರೆ ನಷ್ಟ ನನಗಲ್ಲ, ನಿಮಗೆ. ಯೋಚಿಸಿ ನೋಡಿ. ಬೇಡ ಎಂದರೆ ನಾನು ಮತ್ತೆ ಕೇಳುವುದಿಲ್ಲ.

ಆ ಕಡೆ ಕುರ್ಚಿ ಎಳೆದು ಕೂತ ಸದ್ದು ಕೇಳಿತು.

ಆಮೇಲೆ ಹೇಳಿದಳು — ಡುವೇನ್ ಆ ವರ್ಷ ಹಾಲ್ವರ್‌ನಲ್ಲಿ ಇರಲೇ ಇಲ್ಲ, ಪಕ್ಕದ ಬ್ರೆನ್ನನ್ ಕೌಂಟಿಯಲ್ಲಿ ಬಾಡಿಗೆ ಕೋಣೆ ಮಾಡಿದ್ದ, ವಕೀಲನೂ ಅಲ್ಲಿಯವನೇ. ಫೋನಿನಲ್ಲಿ ಕೇಳಿದರೆ ಆ ಕೋರ್ಟಿನವರು ಬೇಗ ಹುಡುಕುವುದಿಲ್ಲ.

“ನಾನೇ ಹೋಗ್ತೀನಿ ಬಿಡಿ,” ಎಂದಳು. ಫೋನ್ ಇಟ್ಟಳು.

ಈ ಹೆಂಗಸನ್ನು ಎಷ್ಟು ವರ್ಷ ಬೈದುಕೊಂಡಿದ್ದೇನೆ. ಆಲೂಗಡ್ಡೆ ಸುಲಿಯುವಾಗ, ಹಿಟ್ಟು ನಾದುವಾಗ.

ಮಾರ್ಚ್ 12, ಮಂಗಳವಾರ

ಸಿಕ್ಕಿತು. ಸಿಕ್ಕಿತು.

ಲವಾನ್ ಬ್ರೆನ್ನನ್ ಕೋರ್ಟಿನಿಂದಲೇ ಫೋನ್ ಮಾಡಿದಳು. ಮೊದಲಿಗೆ ಅಲ್ಲೂ ಇಲ್ಲವೆಂದೇ ಹೇಳಿದರಂತೆ. ಕಂಪ್ಯೂಟರಿನಲ್ಲಿ ನಮ್ಮ ಹೆಸರೇ ಬರಲಿಲ್ಲ. ಅವಳು ಅಲ್ಲಿಂದ ಹೊರಡಲಿಲ್ಲ. ಬೆಂಚಿನ ಮೇಲೆ ಕೂತು ಯೋಚಿಸಿದಳು. ಡುವೇನ್‌ನ ಮನೆತನದ ಹೆಸರು ನಾರ್ವೆಯದು — ಬರೆಯುವುದು ಕೆ ಅಕ್ಷರದಿಂದ, ಕರೆಯುವುದು ಚೋಸ್ ಎಂದು. ಇಲ್ಲಿ ಎಲ್ಲರಿಗೂ ಅಭ್ಯಾಸ. ಮೊಂಟಾನಾದಲ್ಲಿ ಕಿವಿಗೆ ಬಿದ್ದ ಹಾಗೆ ಬರೆದುಕೊಳ್ಳುತ್ತಾರೆ. ಕರೆಂಟ್ ಬಿಲ್ಲಿನಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಅವಳು ಇಡೀ ಸಂಸಾರ ಸಿ ಅಕ್ಷರದಲ್ಲೇ ಕಳೆದಳಂತೆ. ಎದ್ದು ಹೋಗಿ, ಸಿ ಅಕ್ಷರದಲ್ಲಿ ನೋಡಿ ಎಂದಳು. ಗುಮಾಸ್ತೆ ಹಳೆಯ ಮೈಕ್ರೋಫಿಲ್ಮ್ ಸುರುಳಿ ತೆಗೆದು ತಿರುಗಿಸುತ್ತ ಹೋದಳು. ಅಲ್ಲಿತ್ತು. ತಪ್ಪಿದ್ದದ್ದು ಸೂಚಿಯಲ್ಲಿ ಮಾತ್ರ. ತೀರ್ಪಿನಲ್ಲಿ ಹೆಸರು ಸರಿಯಾಗಿಯೇ ಇದೆ, ನ್ಯಾಯಾಧೀಶರ ಸಹಿಯೂ ಇದೆ.

“ಮೇ ತಿಂಗಳಲ್ಲಿ ನಿಮ್ದು ಮುಗಿದಿದೆ,” ಎಂದಳು. “ನಾವು ಮದುವೆ ಆಗಿದ್ದು ಅಕ್ಟೋಬರ್‌ನಲ್ಲಿ.”

ಅವಳು ಮೂಗು ಸೀಟಿದ್ದು ಕೇಳಿಸಿತು. ನನ್ನ ಮೂಗೂ ಅದೇ ಸ್ಥಿತಿಯಲ್ಲಿತ್ತು.

ಮುದ್ರೆ ಒತ್ತಿದ ಪ್ರತಿ ಅವಳ ಕೈಯಲ್ಲಿದೆ.

ಮಾರ್ಚ್ 14, ಗುರುವಾರ

ಹಿಮಗಾಳಿ. ಹೆದ್ದಾರಿ ಮುಚ್ಚಿದೆ. ಅಂಚೆ ಬಂದಿಲ್ಲ, ನಾಳೆಯೂ ಅನುಮಾನ ಎಂದು ರೇಡಿಯೋದವರು ಹೇಳಿದರು.

ಪ್ರತಿಯನ್ನು ಇನ್ನೂ ಅಂಚೆಗೆ ಹಾಕಿಲ್ಲ, ರಸ್ತೆ ತೆರೆದ ತಕ್ಷಣ ತಾನೇ ತರುತ್ತೇನೆ ಎಂದು ಲವಾನ್ ಫೋನಿನಲ್ಲಿ ಹೇಳಿದಳು. ಬೇಡವೇ ಬೇಡ ಎಂದೆ. ಅವಳಿಗೂ ಎಪ್ಪತ್ತು ಹತ್ತಿರ. ಅದು ಕೇಳಿಸಲೇ ಇಲ್ಲವೆಂಬಂತೆ, ನಿಮ್ಮ ಊರಿನಲ್ಲಿ ಪೆಟ್ರೋಲ್ ಬಂಕ್ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ಕೇಳಿದಳು.

ಮಾರ್ಚ್ 16, ಶನಿವಾರ, ಸಂಜೆ

ಬಂದಿದ್ದಾಳೆ. ಪಕ್ಕದ ಕೋಣೆಯಲ್ಲಿ ಕಾಲು ಚಾಚಿ ಮಲಗಿದ್ದಾಳೆ.

ನನ್ನ ಮನಸ್ಸಿನಲ್ಲಿದ್ದವಳು ಎತ್ತರದವಳು, ಕೆಂಪು ತುಟಿಯವಳು. ಕಾರಿನಿಂದ ಇಳಿದವಳು ನನಗಿಂತ ಗಿಡ್ಡ. ಹಸಿರು ಕೋಟು, ಗಂಡಸರ ಬೂಟು, ಕಂಕುಳಲ್ಲಿ ಜಾಮ್ ಬಾಟಲಿ. ಬಾಗಿಲಲ್ಲೇ ಲಕೋಟೆ ಕೈಗಿಟ್ಟಳು. “ಮೊದಲು ಇದನ್ನ ಹಿಡ್ಕೊಳ್ಳಿ. ಆಮೇಲೆ ಬಾತ್ರೂಮು ತೋರಿಸಿ.”

ಆಲೂಗಡ್ಡೆ ಹಾಕಿ ಬೇಯಿಸಿದ ಮಾಂಸದ ಹಾಟ್‌ಡಿಷ್ ಬಡಿಸಿದೆ. ಎರಡು ಸಲ ಹಾಕಿಸಿಕೊಂಡಳು. ಡುವೇನ್ ಇದನ್ನೇ ಮಾಡು ಮಾಡು ಎಂದು ಪೀಡಿಸುತ್ತಿದ್ದ, ತನಗೆ ಈ ಹದ ಕೊನೆಗೂ ಬರಲಿಲ್ಲ ಎಂದಳು. ಹೇಗೆಂದು ಯಾರನ್ನು ಕೇಳಬೇಕಿತ್ತು, ಪಾಪ.

ಅವನು ನನ್ನ ಬಗ್ಗೆ ಏನಾದರೂ ಹೇಳುತ್ತಿದ್ದನೇ ಎಂದು ಕೇಳಿದೆ. ತಟ್ಟೆ ಒರೆಸುತ್ತಲೇ ಉತ್ತರಿಸಿದಳು.

“ನಾನು ಹೇಳೋಕೇ ಬಿಡ್ತಿರಲಿಲ್ಲ. ನಿಮ್ಮ ಹೆಸರು ಕೇಳಿದ್ರೆ ಹೆದರಿಕೆ ಆಗೋದು ನಂಗೆ. ವಾಪಸ್ ಹೋಗ್ಬಿಡ್ತಾನೇನೋ ಅಂತ.”

ನನಗೆ ಹೆದರಿದವಳೂ ಒಬ್ಬಳಿದ್ದಳು. ನೀವು ಎನ್ನಬೇಡ, ನೀನು ಎನ್ನು ಎಂದೆ.

ಮಾರ್ಚ್ 18, ಸೋಮವಾರ

ಮದುವೆಯಾಯಿತು.

ಬೆಳಿಗ್ಗೆ ಲೈಸೆನ್ಸ್ ಸಿಕ್ಕಿತು. ಕೌಂಟರಿನವಳು ಮುದ್ರೆಯ ಮೇಲೆ ಬೆರಳಾಡಿಸಿ ನೋಡಿ, ಸರಿಯಾಗಿದೆ ಎಂದಾಗ ವರ್ಲಿನ್ ಟೋಪಿ ತೆಗೆದು ಅವಳಿಗೆ ವಂದಿಸಿದ. ಮಧ್ಯಾಹ್ನ ಚರ್ಚಿನಲ್ಲಿ. ಹೂವು ಇರಲಿಲ್ಲ. ಕಾಫಿ, ಕೇಕು ಇದ್ದವು. ಸಾಕ್ಷಿಗೆ ಇಬ್ಬರು ಬೇಕು. ಒಬ್ಬ ವರ್ಲಿನ್‌ನ ಪಕ್ಕದ ಮನೆಯವನು, ಇನ್ನೊಬ್ಬಳು ಲವಾನ್. ಪಾದ್ರಿ ಹೊಸಬರು, ಊರಿನ ಕಥೆ ತಿಳಿಯದು. ಇವರು ವಧುವಿಗೆ ಏನಾಗಬೇಕು ಎಂದು ಕೇಳಿದರು.

“ಸಂಬಂಧಿ,” ಎಂದಳು ಲವಾನ್, ಸಹಿ ಹಾಕುತ್ತ. “ಗಂಡನ ಕಡೆಯಿಂದ.”

ವರ್ಲಿನ್ ಕೆಮ್ಮಿದ. ಪಾದ್ರಿಗಳು ತಲೆಯಾಡಿಸಿ ಸಂತೋಷ ಎಂದರು. ನಾನು ಕಿಟಕಿಯ ಕಡೆ ನೋಡುತ್ತ ತುಟಿ ಕಚ್ಚಿ ಹಿಡಿದೆ.

ದೇವರೇ, ನಿನಗೆ ಹೇಗೆ ಉಪಕಾರ ಹೇಳಲಿ. ಬೇಡಿದ್ದು ಒಂದು ಕಾಗದ.

ಮಾರ್ಚ್ 20, ಬುಧವಾರ. ಫಾರ್ಗೋ, ಆಸ್ಪತ್ರೆ

ವರ್ಲಿನ್‌ನನ್ನು ಬೆಳಿಗ್ಗೆಯೇ ಒಳಗೆ ಕರೆದುಕೊಂಡು ಹೋದರು. ತಳ್ಳುಮಂಚ ತಿರುವಿಗೆ ಬಂದಾಗ ನಿಲ್ಲಿಸಲು ಹೇಳಿ, ಎಲ್ಲಿ ಕೂರುತ್ತೀಯ ಎಂದು ಕೇಳಿದ. ಈ ಕುರ್ಚಿ ತೋರಿಸಿದೆ. ಸರಿ ಎಂದ. ಆಮೇಲೆ ಬಾಗಿಲು ಮುಚ್ಚಿತು.

ಲವಾನ್ ಮನೆಗೆ ಹೊರಡಲಿಲ್ಲ. ಪಕ್ಕದಲ್ಲೇ ಕೂತು ಆಸ್ಪತ್ರೆಯ ಕಾಫಿಯನ್ನು ಬೈಯುತ್ತಿದ್ದಾಳೆ. ನಾನು ಈ ಪುಸ್ತಕ ತೆಗೆದೆ. ಬರೆಯುವುದಾದರೆ ಬರಿ, ನಾನು ಇಣುಕುವುದಿಲ್ಲ ಎಂದಳು.

ಬಹಳ ಹೊತ್ತಿನಿಂದ ಕೇಳಬೇಕೆಂದಿದ್ದದ್ದನ್ನು ಈಗ ಕೇಳಿದೆ — ಅಲ್ಲಿ ತೀರ್ಪು ಇಲ್ಲದೇ ಹೋಗಿದ್ದರೆ ಏನು ಮಾಡುತ್ತಿದ್ದೆ?

“ನಿಂಗೆ ಫೋನ್ ಮಾಡಿ ಇಲ್ಲ ಅಂತಿದ್ದೆ.”

ಪಿಂಚಣಿ?

“ಭಯ ಆಗಿತ್ತು. ಆ ಬೆಂಚಿನ ಮೇಲೆ ಕೂತಾಗ ಎದ್ದು ಮನೆಗೆ ಹೋಗ್ಬಿಡೋಣ ಅಂತಲೂ ಅನ್ನಿಸ್ತು.” ಕಪ್ಪು ಕೆಳಗಿಟ್ಟಳು. “ಆದ್ರೆ ನೀನು ಭಾನುವಾರ ಮುಚ್ಚಿಟ್ಟು ಕೇಳಬಹುದಿತ್ತು. ಕೇಳಲಿಲ್ಲ. ನಂಗೆ ಕಷ್ಟ ಬರಬಹುದು ಅಂತ ನೀನೇ ಮೊದಲು ಹೇಳ್ದೆ. ನಲವತ್ತು ವರ್ಷ ನಿನ್ನ ಕಡೆಯಿಂದ ಒಂದು ಕೆಟ್ಟ ಮಾತು ಬರಬಹುದು ಅಂತ ಕಾದಿದ್ದೆ ಕಣೇ. ಬಂದಿದ್ದು ಅದು.”

ಅವಳ ಕೈ ಹಿಡಿದುಕೊಂಡೆ. ಒರಟು ಕೈ, ಬೆಚ್ಚಗಿದೆ. ಅದಕ್ಕೇ ಪುಸ್ತಕ ಮಡಿಲಲ್ಲಿಟ್ಟು ಒಂದೇ ಕೈಯಲ್ಲಿ ಬರೆ—

ಡಾಕ್ಟರ್ ಬಂದು ಹೋದರು. ಚೆನ್ನಾಗಿ ಆಗಿದೆ. ಕವಾಟ ಕೂತಿದೆ, ಹೃದಯ ತಾನೇ ಬಡಿಯುತ್ತಿದೆ. ಎಚ್ಚರವಾಗಲು ಇನ್ನಷ್ಟು ಹೊತ್ತು. ಲವಾನ್ ಡಾಕ್ಟರನ್ನೇ ಅಪ್ಪಿಕೊಂಡಳು. ಆತ ಅವಳನ್ನೇ ಹೆಂಡತಿ ಎಂದುಕೊಂಡು ಔಷಧಿಯೆಲ್ಲ ಅವಳಿಗೇ ವಿವರಿಸಿದ. ಅವಳೂ ಪೂರ್ತಿ ಕೇಳಿಸಿಕೊಂಡು, ಕೊನೆಗೆ ನನ್ನ ಕಡೆ ಬೆರಳು ತೋರಿಸಿದಳು.

ನರ್ಸ್ ಬಾಗಿಲಲ್ಲಿ ನಿಂತಿದ್ದಾಳೆ. ಅವರಿಗೆ ಎಚ್ಚರವಾಗಿದೆ, ಹೆಂಡತಿ ಹೊರಗೆ ಇದ್ದಾಳಾ ಎಂದು ಕೇಳುತ್ತಿದ್ದಾರೆ, ನಿಮ್ಮಿಬ್ಬರಲ್ಲಿ ಯಾರು—