ವಿಭೂತಿ ಅಲ್ಲದ ವಿಭೂತಿ

ಪ್ರಸನ್ನಕುಮಾರ್ ಅವರೇ,

ರಾಯಚರ್ಲುವಿನ ಸೋಲಾರ್ ಪಾರ್ಕಿನಿಂದ ನೀವು ತಂದಿಟ್ಟಿದ್ದ, ಪ್ಯಾನೆಲ್ಲಿಗೆ ಬಳಿಯುವ ಟೈಟಾನಿಯಂ ಡೈಆಕ್ಸೈಡಿನ ಬಿಳಿ ಪುಡಿಯನ್ನು ಅತ್ತೆ ವಿಭೂತಿ ಅಂದುಕೊಂಡು ಮೂರು ಪಟ್ಟೆ ಎಳೆದುಕೊಂಡಿದ್ದಾರೆ. ಹೆಸರು ಬರೆಯದ ಡಬ್ಬಿಯನ್ನು ದೇವರ ಗೂಡಿನಲ್ಲಿಟ್ಟರೆ ಇನ್ನೇನಾಗುತ್ತದೆ?

ಹಣೆಯ ಮೇಲಿದ್ದರೆ ಅಂಥ ಭಯವಿಲ್ಲ, ಉಸಿರಾಡಿದರೆ ಶ್ವಾಸಕೋಶದ ತಳಕ್ಕಿಳಿಯುತ್ತದೆ ಅಂತ ಪಾರ್ಕಿನವರಿಗೆಲ್ಲ ಪಾಠ ಹೇಳುವವರು ನೀವೇ. ಅತ್ತೆ ಅಂಗೈಯಲ್ಲಿ ಉಳಿದದ್ದನ್ನು ಉಫ್ ಅಂತ ಊದುತ್ತಾರೆ.

ಫ್ಯಾನ್ ಹಾಕಬೇಡಿ. ಪೊರಕೆ ಮುಟ್ಟಬೇಡಿ. ನಿಮ್ಮ ಎನ್-95 ಮಾಸ್ಕ್ ಹಾಕಿಕೊಂಡು ದೇವರ ಮನೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿಡಿ. ಅತ್ತೆಗೂ ಒಂದು ಮಾಸ್ಕ್ ಕೊಟ್ಟೆ. ಅದರ ಮೇಲೂ ಮೂರು ಪಟ್ಟೆ ಎಳೆದರು.

ಡಬ್ಬಿಯನ್ನು ಅವರಿಂದ ನೀವೇ ಇಸಿದುಕೊಳ್ಳಬೇಕು. ನಾನು ಕೇಳಿದ್ದಕ್ಕೆ, "ಈಬೂತಿ ಹಚ್ಚಬ್ಯಾಡ ಅಂತೀಯಲ್ಲ, ನೀನೆಂಥ ಸೊಸೆ ಕಣಮ್ಮ? ಇಂಗೆ ನುಣ್ಣಗಿರೋದು ಶ್ರೀಶೈಲದಾಗೂ ಸಿಗಾಕಿಲ್ಲ," ಅಂದರು. ನೀವು ಹೇಳಿದರೆ ಅದು ವಿಜ್ಞಾನ, ನಾನು ಹೇಳಿದರೆ ಅದು ಶಿವದ್ರೋಹ.

ಪುರವರದ ನಿಮ್ಮ ಚಿಕ್ಕಮ್ಮನಿಗೆ ಆಗಲೇ ಒಂದು ಪೊಟ್ಟಣ ಪ್ರಸಾದವಾಗಿ ಹೋಗಿದೆ. ಅದನ್ನು ಬಿಡಿಸಿಕೊಂಡು ಬರಲು ಬಸ್ಸಿಗೆ ಹೊರಟಿದ್ದೇನೆ. ಏನು ಹೇಳಿ ಬಿಡಿಸಿಕೊಳ್ಳಲಿ ಅಂತ ಇನ್ನೂ ಹೊಳೆದಿಲ್ಲ. ಅನ್ನ ಮಾಡಿಟ್ಟಿದ್ದೇನೆ. ಸಾರು ಬಿಸಿ ಮಾಡಿಕೊಳ್ಳಿ.

ಊಟಕ್ಕೆ ಮುಂಚೆ ಕನ್ನಡಿ ನೋಡಿಕೊಳ್ಳಿ. ಇವತ್ತಿನ ಸುರಕ್ಷತಾ ಭಾಷಣ ಚೆನ್ನಾಗಿ ಆಗಲಿ ಅಂತ ಬೆಳಿಗ್ಗೆ ಅತ್ತೆ ಹರಸಿ ನಿಮ್ಮ ಹಣೆಗೆ ಹಚ್ಚಿ ಕಳಿಸಿದ್ದೂ ಅದೇ ಡಬ್ಬಿಯದು. ಒಣ ಕೈಯಲ್ಲಿ ಉಜ್ಜಬೇಡಿ.

ಲೋಹಿತಾ