ಬತ್ತಿದ ನೀರಿಗೆ ಉಪ್ಪು ಸುರಿದವರಿಗೆ

ಅಳಿಯಂದಿರೇ,

ಎದ್ದ ಕೂಡಲೇ ಮೀನಿನ ತೊಟ್ಟಿಗೆ ಕೈ ಹಾಕಬೇಡಿ, ಮೊದಲು ಇದನ್ನು ಓದಿ. ನೀವು ನಿನ್ನೆ ತಂದ ನೀಲಿ ಔಷಧಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇನೆ. ಅದರಲ್ಲಿ ತಾಮ್ರವಿದೆ, ಸಿಗಡಿ ಇರುವ ನೀರಿಗೆ ಹಾಕಬಾರದು ಅಂತ ಸೀಸೆಯ ಮೇಲೇ ಬರೆದಿದೆ. ನಮ್ಮ ತೊಟ್ಟಿಯಲ್ಲಿ ಮೀನಿನ ಜೊತೆ ಸಿಗಡಿಯೂ ಇದೆ. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ನನಗೇ ಓದಲು ಬಂತು. ಎರಡು ಡಿಗ್ರಿ ಮಾಡಿದವರಿಗೆ ಪುರುಸೊತ್ತಾಗಲಿಲ್ಲ.

ಸಮುದ್ರದ ಮೀನು ಅಂತ ಉಪ್ಪುನೀರಿನಲ್ಲಿ ಸಾಕಿದ್ದೀರಿ, ಸರಿ, ಆದರೆ ಅದಕ್ಕೆ ರೋಗವೇನೂ ಇಲ್ಲ. ಉಪ್ಪು ಅಳೆಯುವ ಡಬ್ಬಿಯ ಮುಳ್ಳು ಕೆಂಪು ಗೆರೆ ದಾಟಿ ನಿಂತಿದೆ. ತೊಟ್ಟಿಯ ನೀರು ಇಳಿದಾಗಲೆಲ್ಲ ನೀವು ಉಪ್ಪುನೀರನ್ನೇ ತುಂಬಿಸಿದಿರಿ. ಆವಿಯಾಗಿ ಹೋಗುವುದು ನೀರು, ಉಪ್ಪಲ್ಲ. ಒಲೆಯ ಮೇಲೆ ಬತ್ತಿದ ಪಾತ್ರೆಗೆ ಮತ್ತೆ ಉಪ್ಪು ಸುರಿಯುವವರನ್ನು ನಾನು ಈ ವಯಸ್ಸಿನವರೆಗೂ ಕಂಡಿರಲಿಲ್ಲ. ಇಷ್ಟಾದ ಮೇಲೆ "ನಿಮ್ಮಮ್ಮ ಸೋಪಿನ ಕೈ ಅದ್ದಿರ್ಬೇಕು ಕಣೇ" ಅಂತ ನನ್ನ ಮಗಳ ಹತ್ತಿರ ಹೇಳಿದಿರಂತೆ. ಕುಣಿಯಲಾರದವರಿಗೆ ನೆಲ ಡೊಂಕು.

ಈಗ ಕೆಲಸ ಕೇಳಿ. ಗಂಟೆಗೊಮ್ಮೆ ತೊಟ್ಟಿಯಿಂದ ಒಂದು ಚೊಂಬು ನೀರು ತೆಗೆದು, ಬಕೆಟ್ಟಿನಲ್ಲಿಟ್ಟಿರುವ ಸಪ್ಪೆ ನೀರನ್ನು ಒಂದು ಚೊಂಬು ಹಾಕಿ. ಒಂದೇ. ಬೇಗ ಮುಗಿಯಲಿ ಅಂತ ಬಕೆಟ್ಟನ್ನೇ ಮಗುಚಿದರೆ ಸಂಜೆಗೆ ಮೂರೂ ಮೀನು ಮೇಲೆ ತೇಲುತ್ತವೆ. ಗಾಳಿಯ ಪಂಪು ನಿಲ್ಲಿಸಬೇಡಿ. ಇವತ್ತು ಮೀನಿಗೆ ಕಾಳು ಹಾಕುವುದು ಬೇಡ.

ನಾನು ಸೀಸೆಯಲ್ಲಿ ನೀರು ತುಂಬಿಕೊಂಡು ಮೀನಿನಂಗಡಿಯವನ ಹತ್ತಿರ ಪರೀಕ್ಷೆ ಮಾಡಿಸಲು ಹೊರಟಿದ್ದೇನೆ.

ಕಿತ್ತಳೆ ಮೀನು ಮೂಲೆಯಲ್ಲಿ ಒರಗಿ ಮಲಗಿತ್ತು. ನೀವು ಒಳಗೆ ಕೆಮ್ಮಿದ್ದು ಕೇಳಿ ಕಷ್ಟಪಟ್ಟು ಗಾಜಿನವರೆಗೆ ಬಂತು. ಇನ್ನೂ ನಿಮ್ಮನ್ನೇ ನಂಬಿಕೊಂಡಿದೆ, ಪಾಪ, ಬುದ್ಧಿಯಿಲ್ಲದ್ದು.

ಮೊದಲ ಚೊಂಬು ಎಂಟು ಗಂಟೆಗೆ.

ನಿಮ್ಮ ಅತ್ತೆ