ನಲವತ್ತೊಂದನೇ ನಂಬರಿನ ಕೂಸು

ಮಂಕಿ
ಮಂಗಳವಾರ, ತಾ. 24-6-2003

ಕೂಸಿನ ಅಪ್ಪನಿಗೆ,

ಇಲ್ಲಿ ಕೂಸು ಕ್ಷೇಮ, ಎಮ್ಮೆ ಕ್ಷೇಮ, ಎರಡು ಹಂಚು ಜಾರಿದ್ದು ಬಿಟ್ಟರೆ ಮನೆಯೂ ಕ್ಷೇಮ. ನಾನೂ ಕ್ಷೇಮ ಅಂತ ಬರೆಯಲು ಹೊರಟಿದ್ದೆ, ಕೈ ತಡೆಯಿತು. ನಾಲ್ಕನೇ ಈಯತ್ತೆಗೆ ಶಾಲೆ ಬಿಟ್ಟವಳು ನಾನು, ಕಾಗದ ಬರೆಯುವ ರೀತಿ ಗೊತ್ತಿಲ್ಲ. ತಪ್ಪಿದ್ದಲ್ಲಿ ಒಪ್ಪು ಮಾಡಿಕೊಂಡು ಓದಿ. ಅಕ್ಷರದ ತಪ್ಪಿಗೆ ಹೇಳಿದ್ದು. ಬೇರೆ ತಪ್ಪಿಗೆ ಒಪ್ಪು ಕೇಳಲು ನನಗೆ ಬಾಯಿಲ್ಲ.

ಮೊನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ನಾನು ಬಸಳೆ ಸೊಪ್ಪಿನ ಬುಟ್ಟಿ ಹೊತ್ತು ಪಂಚಾಯತಿಯ ಶಿಶುವಿಹಾರದ ಮುಂದೆ ಹೋಗುತ್ತಿದ್ದೆ. ಒಳಗೆ ಮಕ್ಕಳೆಲ್ಲ ಸಾಲಾಗಿ ಊಟಕ್ಕೆ ಕೂತಿವೆ. ಸಾಲಿನ ಕೊನೆಗೆ ನೋಡಿದರೆ ನಿಮ್ಮ ಅವ್ವಿ. ಕೊರಳ ತುಂಬ ಮಣಿಸರ, ಆ ಮಕ್ಕಳ ಗಿಡ್ಡ ಮಣೆಯ ಮೇಲೆ ಮೊಣಕಾಲು ಮಡಚಿ ಕೂತಿದ್ದರು. ಎಲ್ಲ ತಟ್ಟೆಗೂ ಅನ್ನ ಬಿತ್ತು, ಅವರ ತಟ್ಟೆಗೆ ಬೀಳಲಿಲ್ಲ. ಕಲಿಸುವ ಅಕ್ಕೋರು ಪುಸ್ತಕ ತಿರುವಿ, ಈ ಹೆಸರು ನಮ್ಮಲ್ಲಿ ಇಲ್ಲವಲ್ಲ ಅಜ್ಜಿ ಅಂದರು. ಅತ್ತೆ ಸಿಟ್ಟಾಗಲಿಲ್ಲ. ಅವರು ಸಿಟ್ಟಾಗಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. ಖಾಲಿ ತಟ್ಟೆ ಸೆರಗಿನಿಂದ ಒರೆಸಿ, ಕಿಟಕಿಯ ಹೊರಗೆ ನಿಂತ ನನ್ನ ಕಡೆ ತಿರುಗಿ, "ಎಂತಕ್ಕೆ ಹುಡುಗಿ?" ಅಂದರು. ಅಷ್ಟೇ. ಎಚ್ಚರಾಯಿತು. ಪಕ್ಕದಲ್ಲಿ ಕೂಸು ನೀವು ತಂದ ಪಾಟಿಚೀಲವನ್ನು ತಬ್ಬಿಕೊಂಡು ಮಲಗಿತ್ತು.

ಆ ಚೀಲವನ್ನು ಗೂಟಕ್ಕೆ ತೂಗುಹಾಕಿದರೂ ಕೂಸು ಇಳಿಸಿಕೊಳ್ಳುತ್ತದೆ. ಹಗಲು ಅದರಲ್ಲಿ ಅಲಸಂದೆ ಕೊಯ್ದು ತುಂಬುತ್ತದೆ. ಪಕ್ಕದ ಮನೆಯ ಗಣಪಿ ಅಕ್ಕ ನೋಡಿ, "ಎಲ್ಲರ ಮಕ್ಕಳ ಚೀಲದಲ್ಲಿ ಪುಸ್ತಕ, ನಿನ್ನ ಕೂಸಿನ ಚೀಲದಲ್ಲಿ ಪಲ್ಯ. ಹೊಟ್ಟೆ ತುಂಬೂದು ಯಾವ್ದರಿಂದ ಹೇಳು?" ಅಂತ ನಗಾಡಿದಳು. ನಾನೂ ನಕ್ಕೆ. ಒಳಗೆ ಬಂದು ಅತ್ತುಬಿಟ್ಟೆ.

ಹೋದ ಗುರುವಾರ ನೀವು ಶಿವನ ಅಂಗಡಿಗೆ ಫೋನ್ ಮಾಡಿದಾಗ ಎಲ್ಲ ಹೇಳಬೇಕು ಅಂತಲೇ ಓಡಿ ಬಂದಿದ್ದೆ. ನೀವು ಮೊದಲೇ ಕೇಳಿಬಿಟ್ಟಿರಿ, "ಕೂಸು ಶಾಲೆಗೆ ಹೋತೆ ಅಂತ ಅಳ್ತದಾ?" ಅಂತ. ಆಮೇಲೆ ನೀವೇ, "ನನ್ನ ಹಣೆಬರ ಸಮ ಇಲ್ಲ, ಶಿಶುವಿಹಾರದಲ್ಲಿ ಚೀಟಿ ಎತ್ತೂ ದಿನ ನಾ ಹೋಗಬಾರ್ದಿತ್ತು, ನೀ ಹೋಗಿದ್ರೆ ನಮ್ಮ ಚೀಟಿ ಎದ್ದೇ ಏಳ್ತಿತ್ತು" ಅಂದಿರಿ. ಅಂಗಡಿಯಲ್ಲಿ ನಾಲ್ಕು ಜನ ಬೀಡಿ ಸೇದುತ್ತ ನಿಂತಿದ್ದರು. ಶಿವ ತಕ್ಕಡಿ ಹಿಡಿದುಕೊಂಡೇ ಕಿವಿ ಇತ್ತ ಕೊಟ್ಟಿದ್ದ. ನಾನು ಹೂಂ ಅಂದೆ. ಹೂಂ ಅಂದದ್ದು ಎಂತಕ್ಕೆ ಅಂತ ಅವತ್ತಿಂದ ಯೋಚನೆ ಮಾಡುತ್ತಿದ್ದೇನೆ. ನಿಮ್ಮ ಹಣೆಬರಹ ಸರಿಯಿಲ್ಲ ಅಂತ ನಾನೂ ಒಪ್ಪಿದ ಹಾಗಾಯಿತಲ್ಲ.

ನಿಮ್ಮ ಹಣೆಬರಹದ್ದು ಎಂತದೂ ಇಲ್ಲ. ಅವತ್ತು ನಮ್ಮ ಕೂಸಿನ ಚೀಟಿ ಎದ್ದಿತ್ತು.

ಈ ಸಾಲು ಬರೆದು ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿ ಬಂದೆ. ಈಗ ಕೂತು ಮೊದಲಿಂದ ಬರೆಯುತ್ತೇನೆ.

ಮೇ ತಿಂಗಳಲ್ಲಿ ಶಿಶುವಿಹಾರಕ್ಕೆ ಅರ್ಜಿ ಕೊಡಲು ನಾನೊಬ್ಬಳೇ ಹೋದದ್ದು ನಿಮಗೆ ನೆನಪಿರಬಹುದು. ಮೂವತ್ತು ಮಕ್ಕಳಿಗೆ ಜಾಗ, ಅರ್ಜಿ ಐವತ್ತೆಂಟು, ಅದಕ್ಕೇ ಚೀಟಿ ಎತ್ತುತ್ತಾರೆ ಅಂತ ಅವತ್ತೇ ಹೇಳಿದ್ದರು. ಕೇರಿಯ ಬೇರೆ ಹೆಂಗಸರು, ಅಂಗನವಾಡಿಗೇ ಕಳಿಸಿದರಾಯಿತು ಅಂದರು. ಅಂಗನವಾಡಿಗೆ ರೈಲು ಹಳಿ ದಾಟಬೇಕು. ಹಳಿ ಬಂದು ಐದಾರು ವರ್ಷವಾದರೂ ನಮ್ಮ ದನಗಳಿಗೇ ಅದು ಅರ್ಥವಾಗಲಿಲ್ಲ, ನಾಲ್ಕು ವರ್ಷದ ಕೂಸಿಗೆ ಆಗುತ್ತದೆಯೇ? ನಾನು ಬುಟ್ಟಿ ಹೊತ್ತು ಹೊನ್ನಾವರಕ್ಕೆ ಹೋದ ದಿನ ಅದನ್ನು ಆಚೆ ದಾಟಿಸುವವರು ಯಾರು? ಶಿಶುವಿಹಾರವಾದರೆ ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಈ ಜಾಗ ಸಿಗಲೇಬೇಕು ಅಂತ ನಿಮಗಿಂತ ಹೆಚ್ಚು ನನಗಿತ್ತು. ಇದನ್ನು ನಂಬಿ.

ಅರ್ಜಿಯ ದಿನ ಅಲ್ಲಿ ಜನವೋ ಜನ. ಮೇಜಿನ ಹಿಂದೆ ಕೂತವರು ಕೂಸಿನ ಹೆಸರೇನು ಅಂತ ಕೇಳಿದರು. ನನ್ನ ಪಾಡು ನಿಮಗೆ ಗೊತ್ತೇ ಇದೆ. ಕೂಸಿಗೆ ನೀವು ನಿಮ್ಮ ಅವ್ವಿಯ ಹೆಸರಿಟ್ಟಿರಿ. ಇಟ್ಟದ್ದು ತಪ್ಪಲ್ಲ, ಅವರು ಹೋದ ಮೂರನೇ ತಿಂಗಳಿಗೆ ಹುಟ್ಟಿದ್ದು, ಬೇರೆ ಎಂತ ಹೆಸರಿಡುವುದು. ಆದರೆ ಸೊಸೆ ಅತ್ತೆಯ ಹೆಸರು ಬಾಯಲ್ಲಿ ಹೇಳುವ ಹಾಗಿಲ್ಲ. ಹೆತ್ತ ಮಗಳನ್ನು ನಾನು ನಾಲ್ಕು ವರ್ಷ ಹೆಸರು ಹಿಡಿದು ಕರೆದಿಲ್ಲ, ಕೂಸು, ಕೂಸು ಅಂತಲೇ. ಮೇಜಿನ ಹಿಂದಿನವರು ಮತ್ತೆ ಕೇಳಿದರು. ಸಾಲಿನಲ್ಲಿ ನನ್ನ ಬೆನ್ನಿಗಿದ್ದವರು ತಳ್ಳುತ್ತಿದ್ದರು. ನಾಲಿಗೆ ಏಳಲಿಲ್ಲ. ಒಮ್ಮೆ ಕುಮಟೆಯ ಬಸ್ಸಿನಲ್ಲಿ ಒಬ್ಬ ಹೆಂಗಸು ತನ್ನ ಮಗಳನ್ನು ಅಂಕಿತಾ, ಅಂಕಿತಾ ಅಂತ ಕರೆಯುತ್ತಿದ್ದಳು. ಆ ಹೆಸರು ಬಂದುಬಿಟ್ಟಿತು. ಅವರು ನಲವತ್ತೊಂದು ಅಂತ ನಂಬರು ಹಾಕಿ ರಶೀದಿ ಹರಿದು ಕೊಟ್ಟರು.

ಮನೆಗೆ ಬಂದು ಹೇಳಬಹುದಿತ್ತು. ನೀವು ಅವತ್ತು ಗದ್ದೆಯ ಬದು ಕಟ್ಟಿ ಬಂದು ಕೂತಿದ್ದಿರಿ, ಕೂಸು ಬೆನ್ನ ಮೇಲೆ ಹತ್ತಿತ್ತು. ನೀವು ಅದನ್ನು ಹೆಸರು ಹಿಡಿದು ಕರೆಯುವಾಗ ನಿಮ್ಮ ದನಿ ಬೇರೆಯೇ ಆಗುತ್ತದೆ, ಅವ್ವಿಯನ್ನೇ ಕರೆದ ಹಾಗೆ. ಆ ದನಿಯ ಮುಂದೆ ನಾನು ಎಂತ ಹೇಳಲಿ? ಚೀಟಿ ಎತ್ತುವ ದಿನ ನಾನೇ ಹೋಗುತ್ತೇನೆ, ಜಾಗ ಸಿಕ್ಕ ಮೇಲೆ ಹೇಳಿದರಾಯಿತು, ಸಿಕ್ಕ ಖುಷಿಯಲ್ಲಿ ನೀವು ನಕ್ಕುಬಿಡುತ್ತೀರಿ ಅಂತ ಲೆಕ್ಕ ಹಾಕಿದೆ. ಚೀಟಿಯ ದಿನ, ಆದಿತ್ಯವಾರ, ಬೆಳಗಾದರೆ ನೀವು ಮಿಂದು ಬಿಳಿ ಅಂಗಿ ಹಾಕಿ ನಿಂತಿದ್ದಿರಿ. "ನಾ ಹೋತೆ, ನನ್ನ ಅವ್ವಿ ಹೆಸರು ಮೈಕಿನಲ್ಲಿ ಕೂಗೂದು ನಾ ಕೇಳೂಕು" ಅಂದಿರಿ.

ನೀವು ರಶೀದಿ ಎಲ್ಲಿ ಅಂತ ಕೇಳಿದಿರಿ. ಅದು ಬೇಡವಂತೆ, ಹೆಸರು ಕರೆದಾಗ ಎದ್ದು ನಿಂತರೆ ಆತಂತೆ ಅಂದೆ. ರಶೀದಿ ಅಕ್ಕಿ ಡಬ್ಬಿಯ ತಳದಲ್ಲಿತ್ತು. ಅದರ ಮೇಲೆ ಆ ಹೆಸರು ಇತ್ತಲ್ಲ. ನೀವು ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಬೇಲಿಯ ದಣಪೆ ದಾಟುವಾಗ ಕೂಗಬೇಕು ಅಂತ ಬಾಯಿ ತೆರೆದಿದ್ದೆ. ನೀವು ತಿರುಗಿ, "ಎಂತ?" ಅಂದಿರಿ. ನಾನು, "ಬಿಸಿಲಿದೆ, ಕೂಸಿನ ತಲೆಗೆ ಬಟ್ಟೆ ಹಾಕಿ" ಅಂದೆ.

ಮಧ್ಯಾಹ್ನ ಬಂದು ಗಂಜಿಗೆ ಕೂತಾಗ ನೀವು ಹೇಳಿದ್ದು ಒಂದಕ್ಷರ ಬಿಡದೆ ನೆನಪಿದೆ. "ಯಾರೋ ಅಂಕಿತಾ ಅಂತೆ, ನಲವತ್ತೊಂದು. ಮೂರು ಸಲ ಕೂಗಿದ್ರು. ಯಾರೂ ಏಳ್ಲಿಲ್ಲ. ಎಂತಾ ಅಪ್ಪ-ಅವ್ವಿಯೋ. ಹೆತ್ತು ಹಾಕಿದ್ರೆ ಆತಾ? ಎದ್ದ ಜಾಗ ಬಿಟ್ರು ನೋಡು. ಪಾಪ ಆ ಮಗು." ಆಮೇಲೆ ತಲೆ ತಗ್ಗಿಸಿ, "ಆ ಜಾಗ ಮತ್ತೆ ನಮಗೆ ಕೊಡ್ತ್ರೇನೋ ಅಂತ ಕಡೆ ತನಕ ಕೂತೆ. ಬೇರೆಯವರಿಗೆ ಹೋತು" ಅಂದಿರಿ. ಕೂಸು ನಿಮ್ಮ ತೊಡೆಯ ಮೇಲೆ ಕೂತು ನಿಮ್ಮ ತಟ್ಟೆಯ ಉಪ್ಪಿನಕಾಯಿ ನೆಕ್ಕುತ್ತಿತ್ತು. ನಾನು ನೀರು ತರುತ್ತೇನೆ ಅಂತ ಬಾವಿಗೆ ಹೋದೆ. ಕೊಡ ತುಂಬಿಯೇ ಇತ್ತು, ಖಾಲಿ ಮಾಡಿ ಮತ್ತೆ ತುಂಬಿದೆ.

ಅದಾಗಿ ಎಂಟು ದಿನಕ್ಕೆ ನೀವು ಭಟ್ಕಳಕ್ಕೆ ಚಿರೆಕಲ್ಲು ಹೊರಲು ಹೊರಟಿರಿ. ವ್ಯಾನು ಬರುವ ಖಾಸಗಿ ಶಾಲೆಗಾದರೂ ಸೇರಿಸುತ್ತೇನೆ, ನನ್ನ ಕೈಯಿಂದ ತಪ್ಪಿದ್ದನ್ನು ನಾನೇ ಸರಿ ಮಾಡುತ್ತೇನೆ ಅಂದಿರಿ. ಊರು ಬಿಟ್ಟು ದುಡಿದವರಲ್ಲ ನೀವು. ಒಂದು ಕಲ್ಲು ಎಷ್ಟು ಭಾರ ಅಂತ ನನಗೆ ಗೊತ್ತು. ಮಳೆಯಲ್ಲಿ ನೆಂದದ್ದು ಇನ್ನೂ ಭಾರ. ನಿಮ್ಮ ತಲೆಯ ಮೇಲೆ ಇಷ್ಟು ದಿನ ಇದ್ದದ್ದು ಕಲ್ಲಲ್ಲ, ನನ್ನ ಸುಳ್ಳು. ಸೊಂಟಕ್ಕೆ ಎಣ್ಣೆ ತಿಕ್ಕಿಕೊಳ್ಳುತ್ತೀರೋ ಇಲ್ಲವೋ.

ನಿನ್ನೆಯ ಸುದ್ದಿ ಹೇಳಬೇಕು, ಅದಕ್ಕೇ ಈ ಕಾಗದ. ಸೊಪ್ಪು ಮಾರಿ ಬರುವಾಗ ಕೂಸು ನನ್ನ ಕೈ ಬಿಡಿಸಿಕೊಂಡು ಶಿಶುವಿಹಾರದ ಕಿಟಕಿಯ ಸರಳು ಹಿಡಿದು ನಿಂತಿತು. ಒಳಗೆ ಮಕ್ಕಳು ಹಾಡುತ್ತಿದ್ದವು. ಇದು ಹೊರಗಿಂದಲೇ ಅತ್ತೆ ಗದ್ದೆ ನೆಡುವಾಗ ಹೇಳುತ್ತಿದ್ದ ನೆಟ್ಟಿ ಹಾಡು ಶುರು ಮಾಡಿತು, ನೀವು ಕಲಿಸಿದ್ದು. ಒಳಗಿನವು ಬಾಯಿ ಮುಚ್ಚಿದರೂ ಇದು ನಿಲ್ಲಿಸಲಿಲ್ಲ. ಅರ್ಜಿಯ ದಿನ ನನಗೆ ರಶೀದಿ ಹರಿದು ಕೊಟ್ಟ ನರ್ಮದಾ ಅಕ್ಕೋರು ಎದ್ದು ಬಂದರು. ಬೈಯುತ್ತಾರೆ ಅಂದುಕೊಂಡೆ. "ಎಷ್ಟು ಚಂದ ಹಾಡ್ತೀಯೇ, ನಿನ್ನ ಹೆಸರೆಂತ?" ಅಂದರು. ಕೂಸು ಎದೆಯುಬ್ಬಿಸಿ ತನ್ನ ಹೆಸರು ಹೇಳಿತು, "ನಮ್ಮ ಅಜ್ಜಿದೂ ಅದೇ" ಅಂತಲೂ ಹೇಳಿತು. ಅಕ್ಕೋರು ನನ್ನ ಮುಖ ನೋಡಿದರು. ನೋಡಿ, "ನೀವು ನಲವತ್ತೊಂದಲ್ವಾ?" ಅಂದರು.

ನಾನು ಅಲ್ಲೇ ಬುಟ್ಟಿ ಇಳಿಸಿ ಎಲ್ಲ ಹೇಳಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು. "ಮೂರು ಸಲ ಕೂಗಿದ್ದು ನಾನೇ ಮಾರಾಯ್ತಿ, ಗಂಟಲು ಕಟ್ಟುವಷ್ಟು" ಅಂದರು. ಆಮೇಲೆ ಹೇಳಿದರು, ರೈಲ್ವೆಯ ನೌಕರರೊಬ್ಬರಿಗೆ ವರ್ಗವಾಗಿ ಅವರ ಮಗು ಬಿಟ್ಟು ಹೋಗುತ್ತಿದೆ, ಒಂದು ಜಾಗ ಖಾಲಿ. ಬರುವ ಸೋಮವಾರ, ಮೂವತ್ತನೇ ತಾರೀಕು, ಮತ್ತೆ ಚೀಟಿ. ಹೊಸ ಅರ್ಜಿ ಕೊಟ್ಟವರಿಗೆ ಮಾತ್ರ. ಅರ್ಜಿ ಇವತ್ತಿಗೆ ಮುಗಿಯಿತು, ನಮ್ಮದೂ ಸೇರಿ ಒಂಬತ್ತು. ಒಂಬತ್ತರಲ್ಲಿ ಒಂದು. ಒಮ್ಮೆ ಎದ್ದದ್ದನ್ನು ಬಿಟ್ಟವರಿಗೆ ಮತ್ತೆ ಏಳುತ್ತದೆ ಅಂತ ನನಗೆ ಆಸೆ ಇಲ್ಲ. ಇದೆ. ಇಲ್ಲ ಅಂತ ಬರೆದರೆ ದೃಷ್ಟಿಯಾಗುವುದಿಲ್ಲ ಅಂತ ಬರೆದೆ.

ಇವತ್ತು ಬೆಳಿಗ್ಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಹೆಸರು ಸರಿ ಮಾಡಿ ಕೊಟ್ಟಿದ್ದೇನೆ. ನೀವಿಟ್ಟ ಹೆಸರೇ.

ಈ ಆದಿತ್ಯವಾರ ಬನ್ನಿ. ಮೇಸ್ತ್ರಿ ಸೋಮವಾರ ರಜೆ ಕೊಡದಿದ್ದರೆ ಕೂಸಿಗೆ ಜ್ವರ ಅಂತ ಹೇಳಿ. ಬೇಡ, ಸುಳ್ಳು ಹೇಳಬೇಡಿ, ಕೂಸಿನ ಮೇಲೆ ಆಣೆ ಇಟ್ಟ ಹಾಗಾಗುತ್ತದೆ. ಇದ್ದದ್ದನ್ನೇ ಹೇಳಿ ಕೇಳಿ. ನನಗೆ ಬೈಯುವುದಿದ್ದರೆ ಮನೆಯಲ್ಲಿ ಬೈಯಿರಿ, ಶಿವನ ಅಂಗಡಿಯ ಫೋನಿನಲ್ಲಿ ಬೇಡ. ಬೈಯದೆ ಸುಮ್ಮನೆ ಕೂರಬೇಡಿ, ಅದು ನನ್ನಿಂದ ತಡೆಯಲಾಗುವುದಿಲ್ಲ. ಹಳೆಯ ರಶೀದಿಯನ್ನು ಇದರ ಜೊತೆ ಮಡಚಿ ಇಟ್ಟಿದ್ದೇನೆ. ಹರಿದು ಹಾಕಿ, ಇಲ್ಲವೇ ಇಟ್ಟುಕೊಳ್ಳಿ, ನಿಮಗೆ ಬಿಟ್ಟದ್ದು.

ಇಂತಿ,
ನಿಮ್ಮ ಮಗಳ ಅವ್ವಿ,
ಲಕ್ಕಿ

ತಾ.ಕ. ಕಾಗದ ಮಡಚಿ ಆಗಿತ್ತು, ಮತ್ತೆ ಬಿಚ್ಚಿದೆ. ಹೆಸರನ್ನು ಹೇಗೆ ಹೇಳಿದೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಹೇಳಲಿಲ್ಲ, ಬರೆದೆ. ನಾಲಿಗೆ ಏಳಲಿಲ್ಲ ಅಂತ ಮೇಲೆ ಬರೆದದ್ದು ಸುಳ್ಳು, ಮೊದಲ ಸಲವೂ ಅಲ್ಲಿ ಯಾರೂ ಹೆಸರು ಕೇಳಿರಲಿಲ್ಲ. ಫಾರಮ್ಮು ಕೈಗೆ ಕೊಟ್ಟು ಬರೆದು ತನ್ನಿ ಅಂದಿದ್ದರು. ನಾನು ಬೆಂಚಿನ ಮೇಲೆ ಕೂತು, ಯಾರ ಕೈಕಾಲೂ ಹಿಡಿಯದೆ ನನ್ನ ಕೈಯಾರೆ ಅಂಕಿತಾ ಅಂತ ಬರೆದೆ. ಹಿಂದಿನ ಕಾಲದ ಹೆಂಗಸರಿಗೆ ಬರೆಯಲು ಬರುತ್ತಿರಲಿಲ್ಲ, ಹಾಗಾಗಿ ಬಾಯಿಗೆ ಕಟ್ಟಳೆ ಹಾಕಿದವರು ಕೈಗೆ ಹಾಕಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಸಾಕ್ಷರತೆಯವರು ಬಂದ ವರ್ಷ ಅತ್ತೆಯ ಕೈ ಹಿಡಿದು ಪಾಟಿಯ ಮೇಲೆ ಅವರ ಹೆಸರು ತಿದ್ದಿಸಿದ್ದು ನಾನೇ ಅಲ್ಲವೇ, ನೀವೂ ನೋಡಿದ್ದೀರಿ. ಶಾಲೆಯಲ್ಲಿ ನನ್ನ ಹೆಸರು ಹಿಡಿದು ಲಕ್ಕಿ ಸೊಪ್ಪು, ಲಕ್ಕಿ ಸೊಪ್ಪು ಅಂತ ಆಡಿಕೊಂಡರು. ನಾನು ಶಾಲೆ ಬಿಟ್ಟದ್ದು ಬಡತನಕ್ಕಲ್ಲ, ಅದಕ್ಕೆ. ನನ್ನ ಕೂಸಿನ ಹೆಸರಿಗೂ ನಗುತ್ತಾರೆ ಅಂತ ಹೆದರಿದೆ. ಹೆದರಿ ಅತ್ತೆಯನ್ನು ಹೊರಗೆ ನಿಲ್ಲಿಸಿದೆ.

ಸುಬ್ಬಿ. ನೋಡಿ, ಬರೆದೆ. ಲಕೋಟೆಯ ಮೇಲೆ ನಿಮ್ಮ ಹೆಸರು ಬರೆದದ್ದೂ ನಾನೇ.

ಆದಿತ್ಯವಾರ ಬಸ್ಸಿಳಿದವರು ಸೀದಾ ಮನೆಗೆ ಬರಬೇಡಿ. ಶಿಶುವಿಹಾರದ ಬಾಗಿಲಿಗೆ ಒಂಬತ್ತು ಹೆಸರಿನ ಪಟ್ಟಿ ಅಂಟಿಸಿದ್ದಾರೆ, ಏಳನೇ ಸಾಲು. ಮೂರು ಸಲ ನೋಡಿ ಬಂದಿದ್ದೇನೆ, ಸರಿಯಾಗಿಯೇ ಇದೆ, ಆದರೂ ನನ್ನ ಕಣ್ಣನ್ನು ನಾನು ನಂಬುವುದಿಲ್ಲ. ನೀವು ಇನ್ನೊಂದು ಸಲ ನೋಡಿ. ಕಣ್ಣಲ್ಲಿ ಬೇಡ, ಬಾಯಿ ಬಿಟ್ಟು ಓದಿ ನೋಡಿ.